ರೊಟ್ಟಿ ಒಂದು, ಪಲ್ಯ ಎರಡು: ಕಾರ್ಬ್ ಕಡಿಮೆ ಮಾಡುವವರ ಊಟ

‘ಅನ್ನ ಬಿಟ್ಟಿದ್ದೇನೆ, ಈಗ ಬರೀ ರೊಟ್ಟಿ’ ಎನ್ನುವ ಮಾತು ಹುಬ್ಬಳ್ಳಿ-ಧಾರವಾಡದಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಹಾಗೆ ಹೇಳುವವರ ತಟ್ಟೆಯಲ್ಲಿ ನಾಲ್ಕು ರೊಟ್ಟಿ, ಮೂಲೆಯಲ್ಲಿ ಒಂದು ಚಮಚ ಪಲ್ಯ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆಯ ಅಂಶ; ಚಿಕ್ಕದಾಗಿ ಕಾರ್ಬ್) ಇದ್ದರೆ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಇರುತ್ತದೆ. ಜೋಳದಲ್ಲಿ ನಾರು ಹೆಚ್ಚು, ಅದು ಒಳ್ಳೆಯದೇ. ಆದರೆ ಕಾರ್ಬ್ ಇಳಿಸಬೇಕೆಂದರೆ ರೊಟ್ಟಿಯ ಲೆಕ್ಕವನ್ನೂ ಇಡಲೇಬೇಕು.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು. ಊಟದಲ್ಲಿ ಕಾರ್ಬ್ ಇಳಿದು ಔಷಧಿ ಹಾಗೆಯೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಮೊದಲ ಹಂತ: ಊಟಕ್ಕೆ ಒಂದೇ ರೊಟ್ಟಿ. 40 ಗ್ರಾಂ ಹಿಟ್ಟಿನ ರೊಟ್ಟಿಯೆಂದರೆ 28 ಗ್ರಾಂ ಕಾರ್ಬ್. ಕಡಕ್ ರೊಟ್ಟಿ ಹಗುರವೆಂದು ಮೂರು ಮುರಿದುಕೊಳ್ಳಬೇಡಿ. ಅದರಲ್ಲಿ ಆರಿದ್ದು ನೀರು ಮಾತ್ರ, ಹಿಟ್ಟಲ್ಲ.

ಎರಡನೆಯದು: ಹಸಿ ತರಕಾರಿ. ಹಕ್ಕರಿಕೆ ಸೊಪ್ಪು, ಎಳೆ ಮೆಂತ್ಯ, ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು. ಮೊದಲು ಇವನ್ನು ತಿನ್ನಿ.

ಮೂರನೆಯದು ಪಲ್ಯ. ಎಲ್ಲರೂ ಎಡವುವುದು ಇಲ್ಲೇ. ರೊಟ್ಟಿ ಇಳಿಸುತ್ತಾರೆ, ಪಲ್ಯವನ್ನು ಮೊದಲಿನಂತೆ ನೀರಾಗಿಯೇ ಬಿಡುತ್ತಾರೆ, ನಾಲ್ಕು ಗಂಟೆಗೆ ಹಸಿವು ತಾಳದೆ ಗಿರಮಿಟ್, ಮಿರ್ಚಿ ಭಜಿಯ ಅಂಗಡಿಗೆ ಹೋಗುತ್ತಾರೆ. ಪಲ್ಯವೇ ಹೊಟ್ಟೆ ತುಂಬಿಸುವಂತಿರಬೇಕು. ಅದಕ್ಕೆ ಬದನೆಕಾಯಿ ಎಣ್ಣೆಗಾಯಿಗಿಂತ ಒಳ್ಳೆಯದಿಲ್ಲ.

ನಾಲ್ವರಿಗೆ ಅರ್ಧ ಕಿಲೋ ಎಳೆ ಬದನೆ, 100 ಗ್ರಾಂ ಶೇಂಗಾ ಸಾಕು. ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ತಾನಾಗಿ ಬಿಡುವವರೆಗೆ ಹುರಿಯಿರಿ. ಎರಡು ಚಮಚ ಗುರೆಳ್ಳನ್ನು (ಹುಚ್ಚೆಳ್ಳು) ಬೇರೆಯಾಗಿಯೇ ಹುರಿಯಬೇಕು. ಅದು ಬೇಗ ಸೀದು ಇಡೀ ಮಸಾಲೆಯನ್ನು ಕಹಿ ಮಾಡುತ್ತದೆ. ಆರಿದ ಮೇಲೆ ಬೆಳ್ಳುಳ್ಳಿ, ಜೀರಿಗೆ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನ ಖಾರ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯನ್ನು ಒಂದೇ ಸಮನೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಲ್ಲ ಬೇಡ. ಬೆಲ್ಲವೂ ಸಕ್ಕರೆಯೇ. ಹುಣಸೆಯನ್ನು ಅರ್ಧಕ್ಕೆ ಇಳಿಸಿ, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿಯನ್ನು ಕಂದು ಬಣ್ಣಕ್ಕೆ ಬರುವವರೆಗೆ ಹುರಿದು ಬೆರೆಸಿದರೆ ರುಚಿ ಸರಿಹೋಗುತ್ತದೆ. ರಸ ಗಟ್ಟಿಯಾಗಲೆಂದು ಪುಟಾಣಿ (ಹುರಿಗಡಲೆ) ಹಿಟ್ಟು ಸುರಿಯುವ ಅಭ್ಯಾಸವನ್ನು ಬಿಟ್ಟುಬಿಡಿ.

ತೊಟ್ಟು ಉಳಿಸಿಕೊಂಡು ಬದನೆಯನ್ನು ನಾಲ್ಕಾಗಿ ಸೀಳಿ, ಉಪ್ಪುನೀರಿನಲ್ಲಿ ಅದ್ದಿ ತೆಗೆದು ಮಸಾಲೆ ತುಂಬಿ. ದಪ್ಪ ತಳದ ಅಗಲ ಬಾಣಲೆಯಲ್ಲಿ ನಾಲ್ಕೈದು ಚಮಚ ಎಣ್ಣೆ ಕಾಯಿಸಿ, ಒಗ್ಗರಣೆ ಕೊಟ್ಟು, ಒಂದರ ಮೇಲೊಂದು ಬೀಳದಂತೆ ಜೋಡಿಸಿ. ಮೇಲೆ ಮುಚ್ಚಿದ ತಟ್ಟೆಯಲ್ಲಿ ನೀರು ಹಾಕಿಡಿ. ಸಣ್ಣ ಉರಿ ಸಾಕು. ಚಮಚದಿಂದ ಕಲಕದೆ ತೊಟ್ಟು ಹಿಡಿದು ಒಂದೊಂದನ್ನೇ ಹೊರಳಿಸಿ. ಎಲ್ಲ ಬದಿಯೂ ಬಾಡಿದ ಮೇಲೆ ಉಳಿದ ಮಸಾಲೆ ಮತ್ತು ತಟ್ಟೆಯ ಮೇಲಿನ ಬಿಸಿನೀರನ್ನು ಅರ್ಧ ಬಟ್ಟಲಿನಷ್ಟು ಮಾತ್ರ ಹಾಕಿ. ಅಂಚಿನಲ್ಲಿ ಎಣ್ಣೆ ತೇಲಿ, ತೊಟ್ಟಿನ ಬುಡಕ್ಕೆ ಚಾಕು ಸಲೀಸಾಗಿ ಇಳಿದರೆ ಆಯಿತು.

ಎರಡನೆಯ ಪಲ್ಯ ಸೊಪ್ಪಿನದಿರಲಿ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕಬೇಡಿ. ಝುಣಕದ ಕಡಲೆ ಹಿಟ್ಟಿನಲ್ಲಿ ಪ್ರೋಟೀನ್ ಚೆನ್ನಾಗಿದ್ದರೂ ಅರ್ಧದಷ್ಟು ಕಾರ್ಬ್ ಇದೆ; ಅದನ್ನು ಮಾಡಿದ ದಿನ ರೊಟ್ಟಿಯನ್ನು ಅರ್ಧಕ್ಕೆ ಇಳಿಸಿ. ಗಟ್ಟಿ ಮೊಸರು, ಅಗಸಿ ಚಟ್ನಿ ಜೊತೆಗಿರಲಿ. ಅಗಸಿಯ ಕಾರ್ಬ್‌ನಲ್ಲಿ ಬಹುಪಾಲು ನಾರೇ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆ.

ಅಂಗಡಿಯ ‘ಮಲ್ಟಿಗ್ರೇನ್’ ಹಿಟ್ಟಿಗೆ ದುಡ್ಡು ಹಾಕಬೇಡಿ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರು ಗೋಧಿಯಾಗಿದ್ದರೆ ಅದು ಗೋಧಿ ಹಿಟ್ಟೇ. ‘ಶುಗರ್ ಫ್ರೀ’ ಪೇಡೆಯಲ್ಲೂ ಖೋವಾದಲ್ಲಿರುವ ಹಾಲಿನ ಸಕ್ಕರೆ ಇದ್ದೇ ಇರುತ್ತದೆ. ಧಾರವಾಡ ಪೇಡೆ ತಿನ್ನಲೇಬೇಕೆನಿಸಿದ ದಿನ ನಿಜವಾದದ್ದನ್ನೇ ಒಂದು ತಿನ್ನಿ, ಅಂದು ರೊಟ್ಟಿ ಬಿಡಿ.

ಖಾನಾವಳಿಗೆ ಹೋದಾಗ ಕೂತ ತಕ್ಷಣ ಹೇಳಿಬಿಡಿ: ಪಲ್ಯ, ಮೊಸರು, ಹಸಿ ತರಕಾರಿ ಮೊದಲು ಬರಲಿ, ರೊಟ್ಟಿ ಆಮೇಲೆ ಒಂದೇ. ಎರಡನೆಯ ಸಲ ಪಲ್ಯ ಕೇಳಲು ಸಂಕೋಚ ಬೇಡ. ನಮ್ಮ ಕಡೆಯ ಖಾನಾವಳಿಗಳಲ್ಲಿ ಬಡಿಸುವವರೇ ಕೇಳಿ ಕೇಳಿ ಹಾಕುತ್ತಾರೆ.