ಹಿಂದಿನ ಸಂಬಂಧದ ಮಾತು ಬಂದಾಗ ನಾನು ಕೇಳುತ್ತಿದ್ದ ಪ್ರಶ್ನೆ

ಬೆಂಗಳೂರಿನಲ್ಲಿ ಮೂವತ್ತು ದಾಟಿದ ಮೇಲೆ ಸಂಗಾತಿಯನ್ನು ಹುಡುಕಲು ಹೊರಟವರಿಗೆ ಎದುರಾಗುವವರಲ್ಲಿ ಬಹುಪಾಲು ಮಂದಿಗೆ ಹಿಂದೊಂದು ಸಂಬಂಧ ಇದ್ದೇ ಇರುತ್ತದೆ. ಕೆಲವರದು ಕಾಲೇಜು ದಿನಗಳ ಪ್ರೀತಿ, ಕೆಲವರದು ಮುರಿದುಬಿದ್ದ ನಿಶ್ಚಿತಾರ್ಥ, ಕೆಲವರದು ಒಂದೇ ಸೂರಿನಡಿ ವರ್ಷಗಟ್ಟಲೆ ಬಾಳಿ ಬೇರೆಯಾದ ಲಿವ್-ಇನ್, ಇನ್ನು ಕೆಲವರದು ವಿಚ್ಛೇದನ. ನಾನು ವಿಚ್ಛೇದಿತೆ. ಮತ್ತೆ ಮದುವೆಯಾಗುವ ಯೋಚನೆಯಿಂದ ಮ್ಯಾಟ್ರಿಮೊನಿ ತಾಣಗಳಲ್ಲಿಯೂ ಡೇಟಿಂಗ್ ಆಪ್‌ಗಳಲ್ಲಿಯೂ ಪರಿಚಯವಾದ ಹಲವರೊಂದಿಗೆ ಮಾತನಾಡಿ, ಕಡೆಗೆ ಒಬ್ಬರನ್ನು ಒಪ್ಪಿಕೊಂಡಿದ್ದೇನೆ. ಭೇಟಿಯಾದವರ ಹಿಂದಿನ ಸಂಬಂಧಗಳನ್ನು ಕುರಿತು ಏನು ಕೇಳಿದೆ, ಕೇಳಿದ್ದನ್ನು ಹೇಗೆ ತೂಗಿ ನೋಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರು ಕೂಡಿಸುವ ಮದುವೆಯಲ್ಲಿ ವಿಚಾರಿಸುವ ಹೊಣೆ ಹತ್ತಾರು ಜನರಿಗೆ ಹಂಚಿಹೋಗಿರುತ್ತದೆ. ಸೋದರಮಾವನಿಗೆ ಹುಡುಗನ ಕಚೇರಿಯಲ್ಲಿ ಯಾರೋ ಗೊತ್ತಿರುತ್ತಾರೆ, ಚಿಕ್ಕಮ್ಮನ ವಾರಗಿತ್ತಿಯ ತವರು ಅದೇ ಬೀದಿಯಲ್ಲಿರುತ್ತದೆ, ಛತ್ರದಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಒಂದು ಮಾತು ಹೇಳಿಬಿಡುತ್ತಾರೆ. ಅದರಲ್ಲಿ ಅರ್ಧ ಗಾಳಿಸುದ್ದಿಯೇ ಆದರೂ ಹುಡುಗನ ಸ್ವಂತ ಮಾತಿಗೆ ಹೊರತಾದ ಇನ್ನೊಂದು ಮೂಲವಂತೂ ಇರುತ್ತದೆ. ಆಪ್‌ನಲ್ಲಿ ಸಿಕ್ಕು ಜಯನಗರದ ಕಾಫಿ ಅಂಗಡಿಯಲ್ಲಿ ಎದುರು ಕೂತವರ ವಿಷಯದಲ್ಲಿ ಅಂಥ ಮೂಲವೇ ಇಲ್ಲ. ಅವರ ಊರು ಬಳ್ಳಾರಿಯೋ ಭೋಪಾಲವೋ, ಬೆಂಗಳೂರಿಗೆ ಬಂದದ್ದು ಕೆಲಸಕ್ಕೆ, ಅವರ ಹಿಂದಿನ ಬದುಕನ್ನು ಬಲ್ಲವರು ಇಲ್ಲಿ ಯಾರೂ ಇಲ್ಲ. ಅವರ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು. ಅದರಲ್ಲಿ ಎಷ್ಟನ್ನು ನಂಬಬಹುದು ಎಂಬುದನ್ನೂ ಅವರು ಹೇಳುವ ರೀತಿಯಿಂದಲೇ ತಿಳಿಯಬೇಕು.

"ಏಕೆ ಬೇರೆಯಾದಿರಿ?" ಎಂಬ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು, ಏಕೆಂದರೆ ಅದಕ್ಕೆ ನನ್ನ ಬಳಿಯೂ ಒಂದು ಸಿದ್ಧ ಉತ್ತರವಿತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೋರುವವರು ತಾವು ಒಂದು ವರ್ಷದಿಂದ ಬೇರೆಯಾಗಿದ್ದೇವೆ, ಕೂಡಿ ಬಾಳುವುದು ಸಾಧ್ಯವಾಗಿಲ್ಲ, ಮದುವೆಯನ್ನು ಕೊನೆಗೊಳಿಸಲು ಇಬ್ಬರೂ ಒಪ್ಪಿದ್ದೇವೆ ಎಂದು ಹೇಳಿದರೆ ಸಾಕು. ಯಾರು ಯಾರಿಗೆ ಏನು ಮಾಡಿದರು ಎಂದು ಆ ಕಲಮು ಕೇಳುವುದಿಲ್ಲ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೆ ನಾವಿಬ್ಬರೂ ಸಹಿ ಮಾಡಿ ಸಲ್ಲಿಸಿದ ಅರ್ಜಿಯಲ್ಲಿ ಹೊಂದಾಣಿಕೆಯಾಗಲಿಲ್ಲ ಎಂಬ ಮಾತನ್ನು ವಕೀಲರು ಟೈಪು ಮಾಡಿಸಿದ್ದರು. ಅದನ್ನು ಓದಿದವರಿಗೆ ನನ್ನ ಗುಣವಾಗಲಿ ಅವರ ಗುಣವಾಗಲಿ ಎಳ್ಳಷ್ಟೂ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಅದೇ ಮಾತನ್ನು ನಾನು ಭೇಟಿಯಾದ ಬಹುತೇಕ ಎಲ್ಲರೂ ಹೇಳಿದರು. ಆದ್ದರಿಂದ ನಾನು ಅಲ್ಲಿಗೆ ನಿಲ್ಲದೆ ಇನ್ನೊಂದು ಪ್ರಶ್ನೆ ಸೇರಿಸುತ್ತಿದ್ದೆ: "ಆಗ ನೀವೇನು ಮಾಡಿದಿರಿ?"

ಬಸವನಗುಡಿಯ ಹೋಟೆಲೊಂದರಲ್ಲಿ ಎದುರು ಕೂತಿದ್ದ ಒಬ್ಬರು, ತಮ್ಮ ಮಾಜಿ ಪತ್ನಿಗೂ ತಾಯಿಗೂ ಒಂದು ದಿನವೂ ಸರಿಹೋಗಲಿಲ್ಲ, ಮನೆಯಲ್ಲಿ ಬೆಳಗಾದರೆ ಜಗಳ ಎಂದರು. ನಾನು ನನ್ನ ಪ್ರಶ್ನೆ ಕೇಳಿದೆ. "ನಾನೇನು ಮಾಡಲಿ ಹೇಳಿ? ಅದು ಅವರಿಬ್ಬರ ನಡುವಿನ ವಿಷಯ," ಎಂದು ವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತಾ ತೀರ ಸಹಜವಾಗಿ ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ಯಾರನ್ನೂ ಬೈಯಲಿಲ್ಲ, ಮಾಜಿ ಪತ್ನಿಯನ್ನು ಬಹುವಚನದಲ್ಲಿಯೇ ಸಂಬೋಧಿಸಿದರು. ಆದರೆ ತಮ್ಮ ಮನೆಯಲ್ಲಿ ತಾವೇ ಪ್ರೇಕ್ಷಕರಾಗಿ ಕೂತಿದ್ದ ಸಂಗತಿ ಅವರಿಗೆ ಕಂಡಿರಲಿಲ್ಲ. ಮುಂದೆ ಅದೇ ಮನೆಗೆ ಸೊಸೆಯಾಗಿ ಹೋಗಬೇಕಾದವಳಿಗೆ ತಿಳಿಯಬೇಕಾದದ್ದೆಲ್ಲವೂ ಆ ಒಂದು ಉತ್ತರದಲ್ಲಿತ್ತು.

ಒಬ್ಬರು ಎಷ್ಟು ಸಂಬಂಧಗಳನ್ನು ಕಂಡಿದ್ದಾರೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಆರು ತಿಂಗಳ ಪರಿಚಯವೊಂದು ಮುರಿದದ್ದರಿಂದ ನಲವತ್ತರ ಹೊಸ್ತಿಲಲ್ಲಿರುವವರ ಬಗ್ಗೆ ಏನೂ ಹೇಳಲಾಗದು. ನಾನು ಗಮನಿಸುತ್ತಿದ್ದದ್ದು ಬೇರೆಬೇರೆ ಕಥೆಗಳಲ್ಲಿ ಮರುಕಳಿಸುವ ಒಂದೇ ಬಗೆಯ ತಿರುವನ್ನು. ಒಬ್ಬರ ಎಲ್ಲ ಸಂಬಂಧಗಳೂ ಜೊತೆಗಿದ್ದ ಹೆಣ್ಣಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಾಗಲೇ ಮುಗಿದಿದ್ದವು. ಪ್ರತಿ ಸಲವೂ ಊರು ಬಿಡಲು, ಕಾಯಲು, ಓಡಾಡಲು ಒಪ್ಪದವರು ಅವರೇ ಆಗಿದ್ದರು. ಪುಣೆಯೋ ಹೈದರಾಬಾದೋ ಎಂಬುದಷ್ಟೇ ಬದಲಾಗುತ್ತಿತ್ತು.

ಮಾಜಿ ಸಂಗಾತಿಯನ್ನು ಬೈಯುವವರಿಂದ ದೂರವಿರಬೇಕು ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂಬ ಗಾದೆಯನ್ನು ನಮ್ಮಲ್ಲಿ ಎಲ್ಲ ಜಗಳಗಳಿಗೂ ಅನ್ವಯಿಸುತ್ತಾರೆ. ಆದರೆ ಹೊಡೆತ ತಿಂದವರ ಮನೆಯಲ್ಲಿ ಒಂದೇ ಕೈ ಎದ್ದಿರುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆಂದು 2005ರಲ್ಲಿ ಕಾಯ್ದೆ ಬಂದದ್ದು, ಅದರಲ್ಲಿ ದೈಹಿಕ ಹಿಂಸೆಯೊಡನೆ ಮಾತಿನ, ಮಾನಸಿಕ ಮತ್ತು ಆರ್ಥಿಕ ಹಿಂಸೆಯನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ. ಅಂಥ ಮನೆಯಿಂದ ಬಂದವರು, ಹೆಣ್ಣಾಗಲಿ ಗಂಡಾಗಲಿ, ಹಿಂದಿನವರ ಬಗ್ಗೆ ಕಟುವಾಗಿ ಮಾತನಾಡಿದರೆ ಅದನ್ನು ದೋಷವೆಂದು ಎಣಿಸುವುದು ಅನ್ಯಾಯ. ಇಬ್ಬಗೆಯ ಕಟುತನವನ್ನೂ ಬೇರ್ಪಡಿಸಲು ನಾನು ನೋಡುತ್ತಿದ್ದದ್ದು ಮಾತಿನಲ್ಲಿ ಘಟನೆಗಳಿವೆಯೋ, ಬರಿಯ ಹಣೆಪಟ್ಟಿಗಳಿವೆಯೋ ಎಂಬುದನ್ನು. ನೊಂದವರು ಹೇಳುವಾಗ ಸಂಬಳ ಬಂದ ದಿನ ಏನಾಯಿತು, ಫೋನನ್ನು ಯಾರು ಕಸಿದುಕೊಂಡರು ಎಂಬ ವಿವರಗಳು ತಡವರಿಸುತ್ತಾ ಬರುತ್ತವೆ ಎಂಬುದು ನಾನು ಕಂಡದ್ದು. ಇನ್ನೊಂದು ಬಗೆಯವರಲ್ಲಿ "ಅವಳು ಟಾಕ್ಸಿಕ್, ಅವಳಿಗಿಂತ ಮುಂಚಿನವಳು ನಾರ್ಸಿಸಿಸ್ಟ್" ಎಂಬಷ್ಟಕ್ಕೆ ಕಥೆ ಮುಗಿಯುತ್ತದೆ. ರೀಲ್ಸ್ ನೋಡಿ ಕಲಿತ ಮನಃಶಾಸ್ತ್ರದಲ್ಲಿ ರೋಗ ಯಾವಾಗಲೂ ಎದುರಿನವರಿಗೇ ಇರುತ್ತದೆ.

ವಂಚನೆಯ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅಮೆರಿಕದಲ್ಲಿ 484 ಮಂದಿಯನ್ನು ಅವರ ಎರಡು ಸಂಬಂಧಗಳ ಉದ್ದಕ್ಕೂ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ಸಂಬಂಧದಲ್ಲಿ ಸಂಗಾತಿಗೆ ವಂಚಿಸಿದ್ದವರು ಮುಂದಿನ ಸಂಬಂಧದಲ್ಲಿಯೂ ವಂಚಿಸುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಹಿಂದಿನ ಸಂಗಾತಿಯನ್ನು ಅನುಮಾನಿಸಿದ್ದವರು ಮುಂದಿನವರನ್ನೂ ಅನುಮಾನಿಸುವ ಸಾಧ್ಯತೆ ನಾಲ್ಕು ಪಟ್ಟು ಹೆಚ್ಚಿತ್ತು. ಅಂದರೆ ಹಿಂದಿನ ಸಂಬಂಧದ ಅಭ್ಯಾಸಗಳನ್ನು ಹೊತ್ತು ತರುವವರಲ್ಲಿ ಪ್ರಶ್ನೆ ಕೇಳುವವರೂ ಸೇರಿದ್ದಾರೆ. ಇಂಥ ಅಂಕಿಗಳು ಒಂದು ಗುಂಪಿನ ಒಲವನ್ನು ಹೇಳುತ್ತವೆಯೇ ಹೊರತು ಎದುರು ಕೂತ ಒಬ್ಬರ ಭವಿಷ್ಯವನ್ನಲ್ಲ ಎಂಬುದನ್ನೂ ನೆನಪಿನಲ್ಲಿಟ್ಟುಕೊಂಡಿದ್ದೆ. ಆದ್ದರಿಂದ ಯಾರಾದರೂ ತಾವು ಹಿಂದೆ ವಂಚಿಸಿದ್ದನ್ನು ಹೇಳಿಕೊಂಡಾಗ ಎದ್ದು ಹೋಗುತ್ತಿರಲಿಲ್ಲ. ಅದು ಹೊರಬಿದ್ದದ್ದು ಹೇಗೆ ಎಂದು ಕೇಳುತ್ತಿದ್ದೆ. ತಾವಾಗಿಯೇ ಹೇಳಿದವರಿಗೂ ಸಿಕ್ಕಿಬಿದ್ದು ಒಪ್ಪಿಕೊಂಡವರಿಗೂ ಬಹಳ ಅಂತರವಿದೆ.

ಹಿಂದೆ ಯಾವ ಸಂಬಂಧವೂ ಇರಲಿಲ್ಲ ಎಂದವರೂ ಇದ್ದರು. ಓದು, ಕೆಲಸ, ತಂಗಿಯ ಮದುವೆ, ತಂದೆಯ ಕಾಯಿಲೆ ಎಂದು ವಯಸ್ಸು ಕಳೆದವರು ನಮ್ಮ ಸಮಾಜದಲ್ಲಿ ಕಡಿಮೆಯೇನಿಲ್ಲ. ಅಂಥವರ ವಿಷಯದಲ್ಲಿ ಹಳೆಯ ಸ್ನೇಹಿತರು ಇದ್ದಾರೆಯೇ, ರೂಮ್‌ಮೇಟ್‌ಗಳೊಂದಿಗೆ ಹೇಗಿದ್ದರು, ಅಣ್ಣತಮ್ಮಂದಿರ ನಡುವೆ ಆಸ್ತಿಯ ಮಾತು ಬಂದಾಗ ಹೇಗೆ ನಡೆದುಕೊಂಡರು ಎಂಬುದನ್ನು ಕೇಳಿದರೆ ಬೇಕಾದಷ್ಟು ತಿಳಿಯುತ್ತದೆ.

ಕಾಗದಪತ್ರದ ಮಾತು ಒರಟೆನಿಸಿದರೂ ಹೇಳಲೇಬೇಕು. ಪ್ರೊಫೈಲ್‌ನಲ್ಲಿ 'ಸೆಪರೇಟೆಡ್' ಎಂದು ಬರೆದುಕೊಂಡವರು ಕಾನೂನಿನ ಕಣ್ಣಿನಲ್ಲಿ ಇನ್ನೂ ವಿವಾಹಿತರು. ವಿಚ್ಛೇದನದ ಡಿಕ್ರಿ, ಅಂದರೆ ನ್ಯಾಯಾಲಯದ ಆದೇಶ, ಬರುವ ಮುಂಚೆ ಮಾಡಿಕೊಂಡ ಇನ್ನೊಂದು ಮದುವೆ ಹಿಂದೂ ವಿವಾಹ ಕಾಯ್ದೆಯಡಿ ಅಸಿಂಧು, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನಡಿ ಅಪರಾಧ. ಪರಸ್ಪರ ಒಪ್ಪಿಗೆಯ ಪ್ರಕರಣದಲ್ಲಿ ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಾಯುವ ನಿಯಮವಿದೆ; ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಅದನ್ನು ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಒಬ್ಬರು ಒಪ್ಪದೆ ವ್ಯಾಜ್ಯವಾದರೆ ವರ್ಷಗಳೇ ಹಿಡಿಯಬಹುದು, ತೀರ್ಪು ಬಂದ ಮೇಲೂ ಮೇಲ್ಮನವಿಯ 90 ದಿನಗಳ ಅವಧಿ ಇರುತ್ತದೆ. "ಇನ್ನೇನು ಮುಗಿಯುತ್ತದೆ" ಎಂದವರನ್ನು ಯಾವ ಹಂತದಲ್ಲಿದೆ ಎಂದು ನೇರವಾಗಿ ಕೇಳುತ್ತಿದ್ದೆ. ಕೇಳಿದ್ದಕ್ಕೆ ಸಿಡುಕಿದವರೊಂದಿಗೆ ಮಾತು ಅಲ್ಲಿಗೇ ನಿಂತಿತು. ನನ್ನ ಡಿಕ್ರಿಯ ಪ್ರತಿಯನ್ನು ಫೋನಿನಲ್ಲಿಟ್ಟುಕೊಂಡು ಮೊದಲು ನಾನೇ ತೋರಿಸುತ್ತಿದ್ದರಿಂದ ಕೇಳುವುದು ಸುಲಭವಾಗುತ್ತಿತ್ತು.

ಕೇಳದೆ ಬಿಟ್ಟ ಸಂಗತಿಗಳೂ ಇವೆ. ಹಿಂದಿನವರ ಹೆಸರು, ಫೋಟೊ, ಏಕಾಂತದ ವಿವರ, ಇವುಗಳನ್ನು ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ. ಅವರಾಗಿಯೇ ಹೇಳತೊಡಗಿದರೂ ತಡೆಯುತ್ತಿದ್ದೆ, ಏಕೆಂದರೆ ಇಂದು ಆಕೆಯ ಗುಟ್ಟನ್ನು ನನಗೆ ಹೇಳಿದವರು ನಾಳೆ ನನ್ನದನ್ನು ಇನ್ನೊಬ್ಬರಿಗೆ ಹೇಳುತ್ತಾರೆ. ಆರೋಗ್ಯದ ಪ್ರಶ್ನೆಗೆ ಕಥೆಗಿಂತ ಪರೀಕ್ಷೆಯೇ ಮೇಲು. ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆಗೆಂದೇ ಇರುವ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆಯನ್ನು ಉಚಿತವಾಗಿ, ಗೋಪ್ಯವಾಗಿ ಮಾಡುತ್ತಾರೆ. ಹೆಪಟೈಟಿಸ್ ಬಿ ಮತ್ತು ಸಿಫಿಲಿಸ್ ಪರೀಕ್ಷೆಗಳು ಖಾಸಗಿ ಲ್ಯಾಬುಗಳಲ್ಲಿಯೂ ಆಗುತ್ತವೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದು, ಕೆಲವು ವಾರಗಳು ಕಳೆಯಬೇಕು ಎಂಬುದು ತಿಳಿದಿದ್ದರೆ ಸಾಕು. ನಾವಿಬ್ಬರೂ ಒಂದೇ ದಿನ ಹೋಗಿ ರಕ್ತ ಕೊಟ್ಟು ಬಂದೆವು, ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇರಲಿಲ್ಲ.

ಈಗ ಒಪ್ಪಿಕೊಂಡವರ ವಿಷಯ. ಅವರೂ ವಿಚ್ಛೇದಿತರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. "ಆಗ ನೀವೇನು ಮಾಡಿದಿರಿ?" ಎಂದದ್ದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಡವಾಗಿ ಮನೆಗೆ ಹೋಗುತ್ತಿದ್ದೆ. ಕೆಲಸ ಮುಗಿದಿದ್ದರೂ ಆಫೀಸಿನಲ್ಲೇ ಕೂತಿರುತ್ತಿದ್ದೆ. ಕೇಳಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ಅನ್ನುತ್ತಿದ್ದೆ. ಆಕೆ ಜಗಳವಾಡುವುದನ್ನು ಬಿಟ್ಟಾಗ ಎಲ್ಲ ಸರಿಹೋಯಿತು ಅಂದುಕೊಂಡೆ, ನಿಜವಾಗಿ ಆಕೆ ನನ್ನನ್ನೇ ಬಿಟ್ಟಾಗಿತ್ತು," ಎಂದರು. ತಿಂಗಳುಗಳ ನಂತರ ಬೇರೊಂದು ಸಂದರ್ಭದಲ್ಲಿ ಅದೇ ಕಾಲದ ಮಾತು ಬಂದಾಗ ಪದಗಳು ಬೇರೆಯಾಗಿದ್ದವು, ಹೊಸ ವಿವರಗಳು ಸೇರಿದ್ದವು, ಆದರೆ ಸಂಗತಿ ಬದಲಾಗಿರಲಿಲ್ಲ. ಪ್ರತಿ ಸಲವೂ ಅಕ್ಷರ ಬಿಡದೆ ಒಂದೇ ವಾಕ್ಯಗಳಲ್ಲಿ ಬರುವ ಕಥೆಗಿಂತ ಇಂಥದ್ದನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗೆಂದು ಒಪ್ಪಿಕೊಂಡ ಮಾತ್ರಕ್ಕೆ ಮನುಷ್ಯ ಬದಲಾಗಿದ್ದಾನೆ ಎಂದರ್ಥವಲ್ಲ. ಚೆನ್ನಾಗಿ ಒಪ್ಪಿಕೊಳ್ಳುವುದೂ ಒಂದು ಕಲೆ. ನಾನು ಕಾದದ್ದು ನಮ್ಮ ಮೊದಲ ದೊಡ್ಡ ಜಗಳಕ್ಕೆ. ಅದು ದುಡ್ಡಿನ ವಿಷಯಕ್ಕೆ ಬಂತು. ಕನಕಪುರ ರಸ್ತೆಯಲ್ಲಿ ಮಾಜಿ ಪತ್ನಿಯೊಂದಿಗೆ ಜಂಟಿಯಾಗಿ ಕೊಂಡ ಫ್ಲ್ಯಾಟಿನ ಸಾಲ ಇನ್ನೂ ಇಬ್ಬರ ಹೆಸರಿನಲ್ಲಿತ್ತು. ಜಂಟಿ ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಪೂರ್ತಿ ಬಾಕಿ ಇನ್ನೊಬ್ಬರ ತಲೆಗೆ ಬರುತ್ತದೆ, ಬ್ಯಾಂಕು ಒಪ್ಪದೆ ಒಂದು ಹೆಸರನ್ನು ತೆಗೆಯಲೂ ಆಗದು. ಇದನ್ನು ಇತ್ಯರ್ಥ ಮಾಡದೆ ನಿಶ್ಚಿತಾರ್ಥದ ಮಾತು ಬೇಡವೆಂದು ನಾನು ಗಟ್ಟಿಯಾಗಿ ಹೇಳಿದೆ. ಆ ಸಂಜೆ ಬರಬೇಕಾಗಿದ್ದವರು "ಲೇಟಾಗುತ್ತೆ, ಸಿಲ್ಕ್ ಬೋರ್ಡ್‌ನಲ್ಲಿ ಜಾಮ್" ಎಂದು ಸಂದೇಶ ಕಳುಹಿಸಿದರು. 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡ್ ದಾಟಿ ಬರುವ ಹಳದಿ ಮಾರ್ಗದ ಮೆಟ್ರೊ ಓಡತೊಡಗಿದ ಮೇಲೆ ಆ ನೆಪಕ್ಕೆ ಹಿಂದಿನಷ್ಟು ಬೆಲೆಯೂ ಉಳಿದಿರಲಿಲ್ಲ. ನಾನು ಉತ್ತರಿಸಲಿಲ್ಲ. ಹತ್ತು ನಿಮಿಷದಲ್ಲಿ ಫೋನು ಬಂತು: "ಜಾಮ್ ಇಲ್ಲ. ಆಫೀಸಿನಲ್ಲೇ ಕೂತಿದ್ದೀನಿ. ಹಳೇ ಚಾಳಿ. ಹೊರಟೆ." ಬಂದರು, ಬ್ಯಾಂಕಿನ ಕಾಗದಗಳನ್ನೂ ತಂದಿದ್ದರು. ಅಂದು ಏನೂ ಬಗೆಹರಿಯಲಿಲ್ಲ, ಆದರೆ ಎಂಟು ಗಂಟೆಗೆ ಶುರುವಾದ ಮಾತನ್ನು ಮಧ್ಯದಲ್ಲಿ ಬಿಟ್ಟು ಎದ್ದು ಹೋಗಲಿಲ್ಲ.

ಫ್ಲ್ಯಾಟನ್ನು ಮಾಜಿ ಪತ್ನಿಯೇ ಇಟ್ಟುಕೊಳ್ಳುವುದೆಂದೂ ಬ್ಯಾಂಕು ಒಪ್ಪಿ ಸಾಲ ಆಕೆಯ ಹೆಸರಿಗೆ ವರ್ಗವಾದ ಮೇಲೆ ಇವರು ಹಕ್ಕು ಬಿಡುಗಡೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಡುವುದೆಂದೂ ತೀರ್ಮಾನವಾಗಿದೆ. ಅಲ್ಲಿಯವರೆಗೆ ಅವರಿಬ್ಬರ ನಡುವೆ ಈ ಬಗ್ಗೆ ಫೋನು, ಇಮೇಲ್ ನಡೆಯುತ್ತಿರುತ್ತದೆ. ಅದನ್ನು ನಾನು ಓದುವುದಿಲ್ಲ, ಅವರು ಮುಚ್ಚಿಡುವುದಿಲ್ಲ.

ಮನೆಯಲ್ಲಿ ವಿಷಯ ತಿಳಿಸಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಆ ಹುಡುಗಿಯ ತಪ್ಪೇನಿತ್ತಂತೆ?" ಎಂಬುದು. ಡಿಕ್ರಿ ಆಗಿದೆ, ಮಕ್ಕಳಿಲ್ಲ, ಜೀವನಾಂಶದ ಬಾಕಿಯಿಲ್ಲ, ಸಾಲದ ವಿಷಯ ಹೀಗಿದೆ ಎಂದು ಹೇಳಿದೆ. ಉಳಿದದ್ದು ಅವರ ಮತ್ತು ಆಕೆಯ ಸ್ವಂತ ವಿಷಯ, ನನ್ನನ್ನು ನಂಬಿ ಹೇಳಿದ್ದು, ನೆಂಟರಿಷ್ಟರ ನಡುವೆ ಹಂಚಲು ಅಲ್ಲ ಎಂದೂ ಹೇಳಿದೆ. ಬೇಕಿದ್ದರೆ ಅವರನ್ನೇ ಕೇಳಬಹುದು ಎಂದೆ. ಅವರು ಮನೆಗೆ ಬಂದ ದಿನ ಅಮ್ಮ ನಿಜಕ್ಕೂ ಕೇಳಿಯೇಬಿಟ್ಟರು. "ಅವರದ್ದು ನಾನು ಹೇಳೋದು ಸರಿಯಲ್ಲ ಅಮ್ಮ, ನಂದು ಹೇಳ್ತೀನಿ," ಎಂದು ಅವರು ಆಫೀಸಿನಲ್ಲಿ ಕೂತಿರುತ್ತಿದ್ದ ಸಂಜೆಗಳ ವಿಷಯವನ್ನೇ ಅಮ್ಮನಿಗೂ ಹೇಳಿದರು. ಅಮ್ಮನಿಗೆ ಅದು ಅಷ್ಟಾಗಿ ಸಮಾಧಾನವಾದಂತಿಲ್ಲ. ಹನುಮಂತನಗರದಲ್ಲಿರುವ ತಮ್ಮ ಅಕ್ಕನಿಂದ ಯಾರ ಮೂಲಕವಾದರೂ ವಿಚಾರಿಸಿಕೊಳ್ಳುವ ಪ್ರಯತ್ನವನ್ನು ಇನ್ನೂ ನಡೆಸಿದ್ದಾರೆ.