ಅಮ್ಮನ ಮಂಡಿ ನೋಡಿ ಹಾಕಿದ ಲಂಡನ್ ಪ್ಲಾನ್

ಅಮ್ಮನಿಗೆ ಅರವತ್ತೆಂಟು, ಎರಡೂ ಮಂಡಿ ಸವೆದಿವೆ. ಲಂಡನ್ ನೋಡುವ ಆಸೆ ಮಾತ್ರ ಅವರದ್ದೇ. ಹುಟ್ಟಿದ್ದು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಟಿಪ್ಪುವಿನ ಮರದ ಹುಲಿ ಲಂಡನ್ನಿನಲ್ಲಿದೆ ಅಂತ ಚಿಕ್ಕಂದಿನಿಂದ ಕೇಳಿದ್ದರು.

ಮೊದಲು ನಾನು ಬರೆದ ಪಟ್ಟಿಯಲ್ಲಿ ದಿನಕ್ಕೆ ಆರು ಜಾಗ ಇತ್ತು. ಪರೀಕ್ಷೆಗೆಂದು ಅಮ್ಮನನ್ನು ಕರೆದುಕೊಂಡು ಮೈಸೂರಿನ ದೇವರಾಜ ಮಾರ್ಕೆಟ್ ಸುತ್ತಿದೆ. ಮುಕ್ಕಾಲು ಗಂಟೆಗೇ ಕೂರಲು ಕಟ್ಟೆ ಹುಡುಕಿದರು. ಅವತ್ತೇ ಪಟ್ಟಿ ಹರಿದು, ದಿನಕ್ಕೆ ಎರಡೇ ಜಾಗ ಅಂತ ಹೊಸದಾಗಿ ಬರೆದೆ.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ಲಂಡನ್ನಿಗೆ ನಡೆಯುವುದಿಲ್ಲ, ಬ್ರಿಟನ್ನಿನದ್ದೇ ಬೇಕು. ಹೊರಡುವ ದಿನಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ನಾವು ಮಾರ್ಚ್‌ನಲ್ಲೇ ಹಾಕಿ, ಜೂನ್‌ನಲ್ಲಿ ಹೊರಟೆವು. ಜೂನ್ ಯಾಕೆಂದರೆ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಮಧ್ಯಾಹ್ನ ರೂಮಿಗೆ ಬಂದು ಮಲಗೆದ್ದು ಮತ್ತೆ ಹೊರಡಬಹುದು. ಡಿಸೆಂಬರ್‌ನಲ್ಲಾದರೆ ನಾಲ್ಕಕ್ಕೇ ಕತ್ತಲು.

ನಾನು ಎಡವಿದ್ದು ಹೋಟೆಲಿನಲ್ಲಿ. ಬಾಡಿಗೆ ಕಡಿಮೆ ಅಂತ ಬುಕ್ ಮಾಡಿದ್ದು ಹಳೇ ಕಾಲದ ಸಾಲುಮನೆ. ರೂಮು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಡಿದಾದ ಮೆಟ್ಟಿಲನ್ನು ಅಮ್ಮ ಒಂದೊಂದಾಗಿ, ಪಕ್ಕದ ಕಂಬಿ ಹಿಡಿದು ಹತ್ತಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಾರನೇ ದಿನ ಕೆಳಗಿನ ರೂಮು ಕೇಳಿ ಪಡೆದೆ. ಫೋಟೋ ನೋಡಿ ಸುಮ್ಮನಾಗದೆ ‘ಲಿಫ್ಟ್ ಇದೆಯಾ, ಎಷ್ಟನೇ ಮಹಡಿ’ ಅಂತ ಬರೆದು ಕೇಳಿ.

ಮೆಟ್ಟಿಲಿನ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಅಲ್ಲಿನ ಸುರಂಗ ರೈಲು ಶುರುವಾದದ್ದು 1863ರಲ್ಲಿ. ಎಷ್ಟೋ ಹಳೇ ನಿಲ್ದಾಣಗಳಲ್ಲಿ ಇವತ್ತಿಗೂ ಲಿಫ್ಟ್ ಇಲ್ಲ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ರೈಲಿನಲ್ಲಿ ಆ ತೊಂದರೆಯಿಲ್ಲ, ಹೀಥ್ರೂ ವಿಮಾನ ನಿಲ್ದಾಣದಿಂದ ಅದರಲ್ಲೇ ಊರೊಳಗೆ ಬಂದೆವು. ಆಮೇಲೆಲ್ಲಾ ಬಸ್ಸು. ಹತ್ತುವಾಗ ಎತ್ತರದ ಮೆಟ್ಟಿಲಿಲ್ಲ, ಮೊದಲ ಸಲ ಬ್ಯಾಂಕ್ ಕಾರ್ಡು (ಕಾಂಟ್ಯಾಕ್ಟ್‌ಲೆಸ್) ತಟ್ಟಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ಚಾರ್ಜು. ಕಿಟಕಿ ಪಕ್ಕ ಕೂತು ಊರು ನೋಡುವುದು ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಟ್ರಫಾಲ್ಗರ್ ಚೌಕದಿಂದ 15ನೇ ನಂಬರ್ ಹತ್ತಿದರೆ ಸೇಂಟ್ ಪಾಲ್ಸ್ ಚರ್ಚು ದಾಟಿ ಟವರ್ ಆಫ್ ಲಂಡನ್ ಕೋಟೆ ತನಕ ಹೋಗುತ್ತದೆ.

ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ತಲೆಗೊಂದು ಕಾರ್ಡು ಬೇಕು. ಬೆಳಿಗ್ಗೆ ಕಾರ್ಡು, ಸಂಜೆ ಫೋನು ತಟ್ಟಬೇಡಿ. ಖಾತೆ ಒಂದೇ ಆದರೂ ಎರಡನ್ನೂ ಬೇರೆ ಬೇರೆ ಅಂತ ಎಣಿಸುವುದರಿಂದ ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಚಾರ್ಜು ಹಿಡಿಯುವುದಿಲ್ಲ ಅನ್ನುವ ಗರಿಷ್ಠ ಮಿತಿಯ ಲಾಭ ತಪ್ಪಿಹೋಗುತ್ತದೆ.

ಹುಲಿಯನ್ನು ಶುಕ್ರವಾರಕ್ಕೆ ಇಟ್ಟುಕೊಂಡಿದ್ದೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅವತ್ತು ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಗಾಜಿನ ಪೆಟ್ಟಿಗೆಯೊಳಗೆ ಹುಲಿ ಬಿಳಿಯನ ಮೇಲೆ ಮುಂಗಾಲೂರಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದಲ್ಲಿ ತಿರುಗಿಸುವ ಹಿಡಿ. ಅದನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ಅವನ ನರಳಾಟ, ಹುಲಿಯ ಗುರುಗುಟ್ಟು ಕೇಳುತ್ತದೆ. ಹೊಟ್ಟೆಯೊಳಗೆ ಆರ್ಗನ್ ವಾದ್ಯವೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಹೊತ್ತು ತಂದದ್ದು.

ಅಮ್ಮ ಬೆಂಚಿನಲ್ಲಿ ಕೂತು, ಎದ್ದು ಹೋಗಿ ನೋಡಿ, ಮತ್ತೆ ಕೂತರು. ಮೂರು ಸಲ ಹಾಗೆ. ಬೇರೆ ಯಾವುದಕ್ಕೂ ಅವಸರವಿರಲಿಲ್ಲವಾದ್ದರಿಂದ ನಾನೂ ಏಳಿಸಲಿಲ್ಲ. “ನಮ್ಮ ಕೋಟೆಯಲ್ಲಿ ಇದ್ದದ್ದು ಕಣೋ” ಅಂದರು, ಹಿಡಿಯನ್ನೇ ನೋಡುತ್ತಾ.

ಮರುದಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋದೆವು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ 2015ರಲ್ಲಿ ಅನಾವರಣಗೊಂಡದ್ದು. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ಅಲ್ಲೇ ನದಿ ನೋಡುತ್ತಾ, ಊರಿಂದ ತಂದ ಚಕ್ಕುಲಿ ತಿಂದೆವು.