ಬ್ಯಾಚ್ ಎಷ್ಟು ಕಿಲೋ? ಮೊದಲು ಪುಡಿಯ ಸಾಂದ್ರತೆ ಅಳೆಯಿರಿ

ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಗಳಿಗೆ ಹೊಸದಾಗಿ ಸೇರುವ ಫಾರ್ಮಸಿ ಪದವೀಧರರು ಯಂತ್ರದ ಫಲಕದಲ್ಲಿರುವ ಲೀಟರ್ ಲೆಕ್ಕ ನೋಡಿಯೇ ಬ್ಯಾಚ್ ಗಾತ್ರ ಹೇಳಿಬಿಡುವುದನ್ನು ಬಹಳ ಸಲ ಕಂಡಿದ್ದೇನೆ. ಫಲಕದಲ್ಲಿರುವುದು ಲೀಟರ್, ನಾವು ತೂಗುವುದು ಕಿಲೋ. ಎರಡನ್ನೂ ಜೋಡಿಸುವುದು ಬಲ್ಕ್ ಸಾಂದ್ರತೆ, ಅಂದರೆ ಸಡಿಲವಾಗಿ ಸುರಿದ ಪುಡಿ ಲೀಟರಿಗೆ ಎಷ್ಟು ಕಿಲೋ ತೂಗುತ್ತದೆ ಎಂಬುದು. ಲೆಕ್ಕ ಹಳ್ಳ ಹಿಡಿಯುವುದೂ ಅಲ್ಲಿಯೇ.

ಮೊದಲು ತೂಕ. ತಲಾ 500 ಮಿಲಿಗ್ರಾಂ ತೂಗುವ ಐದು ಲಕ್ಷ ಮಾತ್ರೆ ಎಂದರೆ 250 ಕಿಲೋ. ಇದರಲ್ಲಿ 20 ಕಿಲೋದಷ್ಟು ಲೂಬ್ರಿಕೆಂಟ್ (ಮಾತ್ರೆ ಒತ್ತುವಾಗ ಅಚ್ಚಿಗೆ ಅಂಟದಂತೆ ಹಾಕುವ ಪುಡಿ) ಮುಂತಾದವು ಪುಡಿಯನ್ನು ಹರಳು ಕಟ್ಟಿದ ಮೇಲೆ ಸೇರುತ್ತವೆ ಎಂದುಕೊಳ್ಳಿ. ಹಾಗಾದರೆ ಪುಡಿಗೆ ಬೈಂಡರ್ (ಅಂಟು) ದ್ರಾವಣ ಬೆರೆಸಿ ಹರಳು ಕಟ್ಟುವ ಯಂತ್ರವಾದ ರ‍್ಯಾಪಿಡ್ ಮಿಕ್ಸರ್ ಗ್ರ್ಯಾನ್ಯುಲೇಟರ್, ಅಂದರೆ ಆರ್‌ಎಂಜಿಗೆ ಬೀಳುವುದು 230 ಕಿಲೋ.

ಎರಡನೆಯದು ಯಂತ್ರದ ಗಾತ್ರ. ಒಟ್ಟು ಗಾತ್ರ ಬೇರೆ, ಕೆಲಸಕ್ಕೆ ಬರುವ ಗಾತ್ರ ಬೇರೆ. ಒಟ್ಟು ಗಾತ್ರವನ್ನೇ ಹಿಡಿಯಿರಿ, ಹಿಡಿದದ್ದು ಯಾವುದೆಂದು ದಾಖಲೆಯಲ್ಲಿ ಬರೆಯಿರಿ.

ಇನ್ನು ಸಾಂದ್ರತೆ. ಸೂತ್ರದ ಎಲ್ಲ ಒಣ ಪದಾರ್ಥಗಳನ್ನೂ ಅದೇ ಪ್ರಮಾಣದಲ್ಲಿ ಬೆರೆಸಿದ ಮಾದರಿ ಬೇಕು. ಗಂಟುಗಳಿದ್ದರೆ 1 ಮಿಲಿಮೀಟರ್ ಜರಡಿಯಲ್ಲಿ ಮೆಲ್ಲಗೆ ಆಡಿಸಿ. ಸುಮಾರು 100 ಗ್ರಾಂ ತೂಗಿ, 250 ಮಿಲಿಲೀಟರ್ ಅಳತೆ ಸಿಲಿಂಡರಿಗೆ ನಿಧಾನವಾಗಿ ಸುರಿಯಿರಿ. ಮೇಲ್ಮೈಯನ್ನು ಒತ್ತದೆ ಸಮ ಮಾಡಿ, ಗೆರೆ ಓದಿ. ಪುಡಿ 150 ಮಿಲಿಲೀಟರ್‌ಗಿಂತ ಕೆಳಗೆ ನಿಂತರೆ ತೂಕ ಹೆಚ್ಚಿಸಿ, 250 ದಾಟಿದರೆ ಇಳಿಸಿ. ಗ್ರಾಂ ಅನ್ನು ಮಿಲಿಲೀಟರ್‌ನಿಂದ ಭಾಗಿಸಿದರೆ ಉತ್ತರ; ಲೀಟರಿಗೆ ಇಷ್ಟು ಕಿಲೋ ಎಂದರೂ ಅದೇ ಸಂಖ್ಯೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಗಾಜಿನ ಸಿಲಿಂಡರನ್ನೇ ಬಳಸಿ. ಅಗ್ಗದ ಪ್ಲಾಸ್ಟಿಕ್ಕಿನದರಲ್ಲಿ ನುಣುಪು ಪುಡಿ ಗೋಡೆಗೆ ಅಂಟುತ್ತದೆ, ಗೆರೆಗಳೂ ಬೇಗ ಮಾಸುತ್ತವೆ.

ಸಿಲಿಂಡರನ್ನು ಮೇಜಿಗೆ ಕುಟ್ಟಬೇಡಿ. ರಾಗಿಹಿಟ್ಟಿನ ಡಬ್ಬಿಯನ್ನು ಕುಟ್ಟಿದರೆ ಇನ್ನೂ ಎರಡು ಹಿಡಿ ಹಿಡಿಸುತ್ತದಲ್ಲ, ಇದೂ ಹಾಗೆಯೇ. ಕುಟ್ಟಿ ಅಳೆದದ್ದು ಟ್ಯಾಪ್ಡ್ ಸಾಂದ್ರತೆ. ಯಂತ್ರದೊಳಗಿನ ದೊಡ್ಡ ಅಲಗು, ಅಂದರೆ ಇಂಪೆಲ್ಲರ್, ತಿರುಗುವಾಗ ಪುಡಿ ಹಾಗೆ ಅಡಕವಾಗಿ ಕೂರುವುದಿಲ್ಲ. ನಮ್ಮ ಪುಡಿಯ ಬಲ್ಕ್ ಸಾಂದ್ರತೆ 0.46, ಟ್ಯಾಪ್ಡ್ 0.64 ಎಂದಿಟ್ಟುಕೊಳ್ಳಿ. 230 ಕಿಲೋವನ್ನು 0.64ರಿಂದ ಭಾಗಿಸಿದರೆ 359 ಲೀಟರ್. 600 ಲೀಟರ್ ಆರ್‌ಎಂಜಿಯಲ್ಲಿ ಶೇ 60ರಷ್ಟು, ಕಾಗದದ ಮೇಲೆ ಬಹಳ ಚೆಂದ. ನಿಜದಲ್ಲಿ 0.46ರಿಂದ ಭಾಗಿಸಬೇಕು: 500 ಲೀಟರ್, ಅಂದರೆ ಶೇ 83. ಪುಡಿ ಮುಚ್ಚಳಕ್ಕೆ ಮೆತ್ತಿಕೊಳ್ಳುತ್ತದೆ, ಬೈಂಡರ್ ದ್ರಾವಣ ಸಮವಾಗಿ ಹರಡುವುದಿಲ್ಲ, ಒಂದೆಡೆ ಮುದ್ದೆ, ಇನ್ನೊಂದೆಡೆ ಒಣ ಹಿಟ್ಟು.

ಕೆಲವರು ಇನ್ನೊಂದು ಅಡ್ಡದಾರಿ ಹಿಡಿಯುತ್ತಾರೆ: ಪೂರೈಕೆದಾರರ ಪ್ರಮಾಣಪತ್ರಗಳಿಂದ ಸಾಂದ್ರತೆ ಎತ್ತಿಕೊಂಡು ಸರಾಸರಿ ಹಾಕುವುದು. 0.3ರ ಪುಡಿ 100 ಕಿಲೋ, 0.6ರ ಪುಡಿ 100 ಕಿಲೋ ಇದ್ದರೆ ಸರಾಸರಿ 0.45, ಗಾತ್ರ 444 ಲೀಟರ್ ಎಂದು ಬರುತ್ತದೆ. ಎರಡರ ಗಾತ್ರವನ್ನೂ ಪ್ರತ್ಯೇಕವಾಗಿ ಕೂಡಿದರೆ 500. ಅದೂ ಅಂದಾಜೇ, ಏಕೆಂದರೆ ಬೆರೆಸಿದಾಗ ಸಣ್ಣ ಕಣಗಳು ದೊಡ್ಡವುಗಳ ನಡುವಿನ ಸಂದಿಗೆ ಇಳಿಯುತ್ತವೆ. ಅಳೆಯಲು ಹತ್ತು ನಿಮಿಷ ಸಾಕು, ದಯವಿಟ್ಟು ಅಳೆಯಿರಿ.

ಇಲ್ಲಿಂದ ಮುಂದೆ ಸರಳ. ಆರ್‌ಎಂಜಿಯಲ್ಲಿ ಸಾಮಾನ್ಯವಾಗಿ ಒಟ್ಟು ಗಾತ್ರದ ಶೇ 40ರಿಂದ 75ರವರೆಗೆ ತುಂಬುತ್ತಾರೆ. 800 ಲೀಟರ್ ಯಂತ್ರದಲ್ಲಿ ನಮ್ಮ 500 ಲೀಟರ್ ಎಂದರೆ ಶೇ 62.5, ಇದನ್ನೇ ಆರಿಸಿ. ಅದೇ ಯಂತ್ರದಲ್ಲಿ ಈ ಪುಡಿಯ ಕನಿಷ್ಠ ಬ್ಯಾಚ್ 800 × 0.46 × 0.40, ಸುಮಾರು 147 ಕಿಲೋ. ಗರಿಷ್ಠ 276 ಕಿಲೋ. ಕನಿಷ್ಠದ ಲೆಕ್ಕವನ್ನು ಬಿಡಬೇಡಿ. ತೀರಾ ಕಡಿಮೆ ತುಂಬಿದರೆ ಪುಡಿ ಸುತ್ತಿ ಮಡಚಿಕೊಳ್ಳುವ ಬದಲು ಗೋಡೆಗೆ ಚಿಮ್ಮುತ್ತದೆ, ಮುದ್ದೆ ಒಡೆಯುವ ಸಣ್ಣ ಅಲಗಾದ ಚಾಪರ್‌ಗೆ ಸಿಗುವುದೇ ಇಲ್ಲ.

ಕೊನೆಯಲ್ಲಿ ಎಲ್ಲವನ್ನೂ ಉರುಳಿಸಿ ಬೆರೆಸುವ ಬ್ಲೆಂಡರಿಗೆ ಹೊಸ ಸಾಂದ್ರತೆ ಬೇಕು, ಏಕೆಂದರೆ ಅಲ್ಲಿಗೆ ಹೋಗುವುದು ಹರಳು ಕಟ್ಟಿ, ಒಣಗಿಸಿ, ಜರಡಿಯಾಡಿಸಿ, ಲೂಬ್ರಿಕೆಂಟ್ ಸೇರಿಸಿದ ಮಿಶ್ರಣ. 250 ಕಿಲೋಗೆ ಅದು 0.50 ಆದರೆ 500 ಲೀಟರ್. 1000 ಲೀಟರ್ ಬ್ಲೆಂಡರಿನಲ್ಲಿ ಅರ್ಧ. ಉರುಳುವ ಪುಡಿಗೆ ಬೀಳಲು ಜಾಗ ಬೇಕು, ಆದ್ದರಿಂದ ಶೇ 70 ದಾಟುವುದನ್ನು ನಾನು ಒಪ್ಪುವುದಿಲ್ಲ. ಒದ್ದೆ ಹರಳನ್ನು ಬಿಸಿ ಗಾಳಿಯಲ್ಲಿ ಒಣಗಿಸುವ ಫ್ಲೂಯಿಡ್ ಬೆಡ್ ಡ್ರೈಯರಿಗೆ ಒದ್ದೆ ತೂಕ, ಒದ್ದೆ ಸಾಂದ್ರತೆಯನ್ನೇ ಹಿಡಿಯಬೇಕು.

ಕಚ್ಚಾ ವಸ್ತುವಿನ ಪೂರೈಕೆದಾರರೋ ದರ್ಜೆಯೋ ಬದಲಾದ ದಿನ ಸಾಂದ್ರತೆಯನ್ನು ಮತ್ತೆ ಅಳೆದು, ಕನಿಷ್ಠ ಗರಿಷ್ಠ ಎರಡನ್ನೂ ಹೊಸದಾಗಿ ಲೆಕ್ಕ ಹಾಕಿ.